ಹೊಸ ಡಿಸ್ಕಿನ ಅಡಿಯ ನಾಲ್ಕು ಉಂಗುರ

ಮನೆಯಲ್ಲಿ ಏನಾದರೂ ಕೆಟ್ಟು ನಿಂತರೆ ನಿಮ್ಮ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ, ಓದುಗರೇ? ಕೆಡಿಸಿದವರ ಮೇಲೋ, ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತವರ ಮೇಲೋ? ಉತ್ತರವನ್ನು ನನಗೆ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಆಯುಷ್ಯ ಸವೆಸಿದವನು ನಾನು. ಒಡೆದ ಗಾಜಿನ ಹತ್ತಿರ ನಿಂತವನಿಗೇ ಏಟು ಬೀಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಅಂದು ಬೆಳಿಗ್ಗೆ ನಾನು ಪತ್ತೇದಾರಮ್ಮನ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಅವರು ವಿಮಾ ಕಂಪನಿಯಲ್ಲಿ ಸುಟ್ಟ, ಮುರಿದ, ಮುಳುಗಿದ ಸಾಮಾನುಗಳನ್ನು ಪರೀಕ್ಷಿಸಿ, ನಷ್ಟ ನಿಜವೋ ನಾಟಕವೋ ಎಂದು ಹೇಳುವ ಕೆಲಸದಿಂದ ನಿವೃತ್ತರಾದವರು. ನಮ್ಮ ಕಟ್ಟಡದ ಜನ ಇಟ್ಟ ಹೆಸರೇ ಅವರಿಗೆ ಗಟ್ಟಿಯಾಗಿತ್ತು. ಅವರ ಚೀಲ ಹೊರುವುದು, ಬೇಡದಾಗ ಬಾಯಿ ಮುಚ್ಚಿಕೊಂಡಿರುವುದು ನನ್ನ ಪಾಲಿನ ಕೆಲಸ. ಎರಡನೆಯದರಲ್ಲಿ ನಾನು ಸದಾ ನಪಾಸು.

ಬಾಗಿಲು ತಟ್ಟಿದವಳು ನೆಲಮಹಡಿಯ ಮನೆಯ ತರುಣಿ. ಅಕ್ಕನ ಆರೈಕೆಗೆಂದು ಬಂದು ನಿಂತಿದ್ದವಳು.

"ಮೇಡಂ, ಸಂಜೆ ಬಸ್ಸಿಗೆ ಹೊರಟುಬಿಡು ಅಂದಿದ್ದಾರೆ ಭಾವ. ಅಕ್ಕನ ದನೀನ ನಾನೇ ಕೊಂದೆನಂತೆ. ನನ್ನ ಚೀಲ ಕಟ್ಟಿಟ್ಟಾಯ್ತು. ಆದ್ರೆ ಅಕ್ಕನ ಸನ್ನೆ ಆ ಮನೇಲಿ ಇನ್ಯಾರಿಗೂ ಅರ್ಥ ಆಗಲ್ಲ ಮೇಡಂ. ನೀರು ಕೇಳಿದ್ರೆ ಔಷಧಿ ಕೊಡ್ತಾರೆ."

ವಿಷಯ ಹೀಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಾದರೆ ದನಿ ಪೂರ್ತಿ ಹೋಗುತ್ತದೆಂದು ವೈದ್ಯರು ಅಕ್ಕನಿಗೆ ಮೊದಲೇ ತಿಳಿಸಿದ್ದರು. ದನಿ ಉಳಿದಿದ್ದ ವಾರಗಳಲ್ಲಿ ಅವಳು ತನ್ನ ಪುಟ್ಟ ಮಗಳಿಗಾಗಿ ಕತೆಗಳನ್ನು ಹೇಳಿ ಮನೆಯ ಕಂಪ್ಯೂಟರಿನಲ್ಲಿ ತುಂಬಿಸಿದ್ದಳು. ಅದಕ್ಕೆಂದೇ ಗಂಡ ಹೊಸ ಹಾರ್ಡ್ ಡಿಸ್ಕ್ ತಂದು ಒಳಗೆ ಕೂರಿಸಿದ್ದ. ಮಗು ನಿತ್ಯ ಸಂಜೆ ಒಂದು ಕತೆ ಕೇಳುತ್ತಿತ್ತು. ಕಳೆದ ವಾರ ಕಂಪ್ಯೂಟರ್ ಏಳಲೇ ಇಲ್ಲ. ಒಳಗಿನಿಂದ ಬರೀ ಟಕ್ ಟಕ್ ಸದ್ದು. ಅದೇ ಬೆಳಿಗ್ಗೆ ತಂಗಿ ನೆಲ ಒರೆಸುವಾಗ ಕೋಲು ಸಿಪಿಯು ಡಬ್ಬಕ್ಕೆ ತಗುಲಿದ್ದನ್ನು ಅಕ್ಕನ ಅತ್ತೆ ಕಂಡಿದ್ದರು.

"ತಗುಲಿದಾಗ ಕಂಪ್ಯೂಟರ್ ಓಡ್ತಿತ್ತಾ?" ಎಂದು ಕೇಳಿದರು ಪತ್ತೇದಾರಮ್ಮ.

"ಇಲ್ಲ ಮೇಡಂ. ನೀರಿನ ಕೆಲಸ ಅಂತ ಮೊದಲೇ ಪ್ಲಗ್ ಕಿತ್ತಿದ್ದೆ."

ನಾವು ಕೆಳಗಿಳಿದೆವು. ಬಾಗಿಲಲ್ಲೇ ಅತ್ತೆಯ ಸ್ವಾಗತವಾಯಿತು. "ಬನ್ನಿ, ಬನ್ನಿ. ನಮ್ಮ ಮನೆ ಗೋಳು ನೋಡೋಕೆ ನೀವಿಬ್ರೇ ಬಾಕಿ ಇದ್ರಿ. ಆಸರೆಗೆ ಅಂತ ಬಂದವಳು ಎಂಥ ಉಪಕಾರ ಮಾಡಿದಳು ನೋಡಿ!"

ಗಂಡ ಗೋಡೌನೊಂದರ ಮೇಲ್ವಿಚಾರಕ; ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧವಿರುವ ಮನುಷ್ಯ. "ಡಿಸ್ಕಿನಲ್ಲಿ ದೋಷ ಇರೋ ಮಾತೇ ಇಲ್ಲ ಮೇಡಂ. ಸೀಲ್ ಒಡೆದು ನಾನೇ ಪರೀಕ್ಷೆ ಮಾಡಿದ್ದು. ವೇಗ ಎಷ್ಟು, ಎಷ್ಟು ಬಿಸಿಯಾಗುತ್ತೆ, ಸದ್ದು ಬರುತ್ತಾ, ಒಳಗೆ ಕೆಟ್ಟ ಜಾಗ ಇದೆಯಾ, ಎಲ್ಲ ನೋಡಿದೀನಿ. ನಮ್ಮ ಗೋಡೌನಿನ ಕ್ಯಾಮೆರಾ ರೆಕಾರ್ಡರ್ ಬಿಚ್ಚಿ ಕಟ್ಟೋನೂ ನಾನೇ. ನನಗೆ ಡಿಸ್ಕ್ ಬಗ್ಗೆ ಪಾಠ ಬೇಡ." ಅವನು ತೋರಿಸಿದ ಫೋಟೋದಲ್ಲಿ ಪರೀಕ್ಷೆಯ ಪರದೆಯಿತ್ತು, ಮೇಲೆ ಡಿಸ್ಕಿನ ಸಂಖ್ಯೆ, ಕೆಳಗೆ ಸಾಲಾಗಿ ಹಸಿರು ಗುರುತುಗಳು.

"ಆ ಫೋಟೋ ನನಗೂ ಕಳಿಸಿ" ಎಂದು ಹೇಳಿ ಪತ್ತೇದಾರಮ್ಮ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಡಿಸ್ಕ್ ಕೂರುವ ಗೂಡಿನಲ್ಲಿ ಪ್ಲಾಸ್ಟಿಕ್ಕಿನ ಹಿಡಿಕೆಗಳಿದ್ದವು.

"ಇದಕ್ಕೆ ಸ್ಕ್ರೂ ಇಲ್ವಾ?"

"ಬೇಕಾಗಿಲ್ಲ. ತಳ್ಳಿದ್ರೆ ಚಕ್ ಅಂತ ಕೂತ್ಕೊಳ್ಳುತ್ತೆ" ಎಂದು ಅವನು ನಕ್ಕ.

ಪಕ್ಕದ ಕೋಣೆಯಲ್ಲಿ ಅವನದೇ ಇನ್ನೊಂದು ಕಂಪ್ಯೂಟರಿತ್ತು. ಬಣ್ಣಬಣ್ಣದ ದೀಪ, ಪರದೆಯ ಮೇಲೆ ಅರ್ಧಕ್ಕೆ ನಿಲ್ಲಿಸಿದ ಯುದ್ಧದ ಆಟ. ಅಕ್ಕ ಕಿಟಕಿಯ ಬಳಿ ಸ್ಲೇಟು ಹಿಡಿದು ಕುಳಿತಿದ್ದಳು. ಆ ಸದ್ದು ಯಾವಾಗಿನಿಂದ ಬರುತ್ತಿತ್ತೆಂದು ಪತ್ತೇದಾರಮ್ಮ ಕೇಳಿದಾಗ ಅವಳು ಬರೆದಳು: "ಮೊದಲಿಂದಲೂ. ಇವರಿಗೆ ಹೇಳಿದ್ದೆ."

"ಎಲ್ಲ ಡಿಸ್ಕೂ ಸದ್ದು ಮಾಡ್ತವೆ. ಇವಳಿಗೆ ಎಲ್ಲದಕ್ಕೂ ಅನುಮಾನ" ಎಂದ ಗಂಡ.

ಡಿಸ್ಕನ್ನು ರಿಪೇರಿ ಅಂಗಡಿಗೆ ಕೊಟ್ಟಿದ್ದರು. ನಾವು ಹೋಗಿ ಕೇಳಿದಾಗ ಅಲ್ಲಿನವನು ಮುಖ ಸಣ್ಣದು ಮಾಡಿಕೊಂಡ. "ಕತೆ ಒಂದೂ ಉಳಿದಿಲ್ಲ ಮೇಡಂ. ತಟ್ಟೆ ಮೇಲೆಲ್ಲ ಗೀರು. ಅಳಿಸಿದ ಹಳೇ ಚೂರು ಒಂದೆರಡು ಸಿಕ್ಕಿವೆ, ಅಷ್ಟೆ. ನಿಮ್ಮ ಕೆಲಸಕ್ಕೆ ಬರಲ್ಲ." ಅವನು ತೋರಿಸಿದ್ದು ಒಂದು ಮಸುಕಾದ ಬೂದು ಚಿತ್ರ: ಕಬ್ಬಿಣದ ಗೇಟು, ಅದರೊಳಗೆ ಅರ್ಧ ನುಗ್ಗಿದ ಲಾರಿ. ಪತ್ತೇದಾರಮ್ಮ ಅದರ ಒಂದು ಪ್ರತಿ ಕೇಳಿ ಪಡೆದರು. ಫೋನಿನ ಫೋಟೋವನ್ನು ಡಿಸ್ಕಿನ ಲೇಬಲ್ಲಿನ ಪಕ್ಕ ಹಿಡಿದು ಎರಡು ಸಲ ನೋಡಿದರು. ಆಮೇಲೆ ಡಿಸ್ಕನ್ನು ಮಗುಚಿ ನನ್ನ ಮೂಗಿನ ಬಳಿ ಹಿಡಿದರು.

"ಏನು ಕಾಣುತ್ತೆ ಮೇಷ್ಟ್ರೇ?"

ಅಡಿಯಲ್ಲಿದ್ದ ನಾಲ್ಕು ತೂತುಗಳ ಸುತ್ತ ಬಣ್ಣ ಸವೆದು ಲೋಹ ಉಂಗುರದಂತೆ ಹೊಳೆಯುತ್ತಿತ್ತು. "ಸ್ಕ್ರೂ ಬಿಗಿದು ಬಿಚ್ಚಿದ ಗುರುತು! ಅಂದರೆ ಮಾರಿದವನು ಹಳೆಯದನ್ನೇ ಹೊಸದೆಂದು ಕೊಟ್ಟಿದ್ದಾನೆ. ಇಂಥ ಅಧರ್ಮಿಯನ್ನು..."

"ಲೆಕ್ಕ ಪೂರ್ತಿ ಓದದೆ ಉತ್ತರ ಬರೀಬೇಡಿ ಮೇಷ್ಟ್ರೇ" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಸಂಜೆ ನೆಲಮಹಡಿಯ ಮನೆಯಲ್ಲಿ ಎಲ್ಲರೂ ಸೇರಿದೆವು. ತಂಗಿಯ ಚೀಲ ಬಾಗಿಲ ಪಕ್ಕದಲ್ಲಿತ್ತು. ಪತ್ತೇದಾರಮ್ಮ ಸುತ್ತುಬಳಸಲಿಲ್ಲ.

"ಈ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತೆ, ಅದರ ಮೇಲೆ ಕೂದಲೆಳೆಗಿಂತಲೂ ಕಡಿಮೆ ಎತ್ತರದಲ್ಲಿ ಓದೋ ಸೂಜಿ ಹಾರುತ್ತೆ. ಓಡುವಾಗ ಕುಲುಕಿದ್ರೆ ಅಪಾಯ. ಪ್ಲಗ್ ಕಿತ್ತಾಗ ಸೂಜಿ ಪಕ್ಕಕ್ಕೆ ಸರಿದು ಮಲಗಿರುತ್ತೆ. ಒರೆಸೋ ಕೋಲು ಡಬ್ಬಕ್ಕೆ ತಗುಲಿದ್ರೆ ಅದಕ್ಕೆ ಎಚ್ಚರ ಕೂಡ ಆಗಲ್ಲ. ಅಷ್ಟಕ್ಕೂ ಈ ಸದ್ದು ಆವತ್ತು ಹುಟ್ಟಿದ್ದಲ್ಲ. ಕತೆ ಹೇಳುವಾಗಲೇ ಮಗುವಿನ ತಾಯಿ ಕೇಳಿಸಿಕೊಂಡಿದ್ರು. ಅಂದ್ರೆ ಡಿಸ್ಕ್ ಬಂದಾಗಲೇ ಕಾಯಿಲೆ ಇತ್ತು."

"ಹಾಗಾದ್ರೆ ಅದನ್ನ ಮಾರಿದ ಅಂಗಡಿಯವನನ್ನ ಹಿಡೀರಿ" ಎಂದ ಗಂಡ. ದನಿ ಸ್ವಲ್ಪ ಎತ್ತರವಾಯಿತು.

"ಮೇಷ್ಟ್ರೂ ಹಾಗೇ ಅಂದ್ರು. ಆದ್ರೆ ನಿಮ್ಮ ಫೋಟೋದಲ್ಲಿರೋ ಡಿಸ್ಕ್ ಆರೋಗ್ಯವಾಗಿದೆ, ಅದರ ಸಂಖ್ಯೆ ಬೇರೆ. ಸತ್ತ ಡಿಸ್ಕಿನ ಸಂಖ್ಯೆ ಬೇರೆ. ಪರೀಕ್ಷೆಯಲ್ಲಿ ಪಾಸಾದದ್ದು ಒಂದು, ಹೆಂಡತಿಯ ಕಂಪ್ಯೂಟರಿಗೆ ಬಂದದ್ದು ಇನ್ನೊಂದು. ಈ ಸತ್ತದ್ದರ ಅಡಿಯಲ್ಲಿ ಸ್ಕ್ರೂ ಬಿಗಿದ ಉಂಗುರಗಳಿವೆ. ನಿಮ್ಮ ಡಬ್ಬಕ್ಕೆ ಸ್ಕ್ರೂ ಬೇಕಾಗಿಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಇದು ಮೊದಲು ಎಲ್ಲಿತ್ತು? ಕ್ಯಾಮೆರಾ ರೆಕಾರ್ಡರಿನಲ್ಲಿ ಡಿಸ್ಕನ್ನ ಅಡಿಯಿಂದ ಸ್ಕ್ರೂ ಹಾಕಿ ಬಿಗೀತಾರೆ." ಅವರು ಬೂದು ಚಿತ್ರವನ್ನು ಮೇಜಿನ ಮೇಲಿಟ್ಟರು. "ಕತೆ ಹುಡುಕಿದವನಿಗೆ ಸಿಕ್ಕಿದ್ದು ಇದು. ಯಾರ ಗೇಟು ಇದು?"

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದು ನಿಮ್ಮ ಗೋಡೌನ್ ಅಲ್ವೇನೋ?"

ಅವನು ಚಿತ್ರವನ್ನು ಮಗುಚಿಟ್ಟ. ಪತ್ತೇದಾರಮ್ಮನ ಅಪ್ಪಣೆಯಂತೆ ನಾನು ಬಣ್ಣದ ದೀಪದ ಕಂಪ್ಯೂಟರಿನ ಪಕ್ಕದ ಹಲಗೆ ತೆಗೆದೆ. ಒಳಗಿದ್ದ ಡಿಸ್ಕಿನ ಮೇಲೆ ಫೋಟೋದಲ್ಲಿದ್ದ ಸಂಖ್ಯೆಯೇ ಇತ್ತು. ಅಡಿಯ ತೂತುಗಳ ಬಣ್ಣ ಮಾಸಿರಲಿಲ್ಲ.

"ಆಫೀಸಿನವರು ಬಿಸಾಕಿದ್ದು" ಎಂದ ಅವನು ಕೊನೆಗೆ. "ಓಡ್ತಾನೇ ಇತ್ತು. ನನ್ನ ಆಟಗಳಿಗೆ ಜಾಗ ಸಾಲ್ತಿರಲಿಲ್ಲ. ಬರೀ ಮಕ್ಕಳ ಕತೆಗೆ ಹೊಸದು ಯಾಕೆ ಅಂತ... ಹಿಂಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಸದ್ದು ಬರ್ತಿದೆ ಅಂತ ಇವರು ಹೇಳಿದಾಗಲೇ ನಿಮಗೆ ಗೊತ್ತಿತ್ತು. ಆವತ್ತು ಇನ್ನೊಂದು ಪ್ರತಿ ತೆಗೆದಿದ್ರೆ ಸಾಕಿತ್ತು. ತೆಗೆದಿದ್ರೆ ನಿಮ್ಮ ಗುಟ್ಟು ಒಪ್ಪಿಕೊಂಡ ಹಾಗಾಗ್ತಿತ್ತು. ಸತ್ತ ಮೇಲೆ ಒಂದು ಒರೆಸೋ ಕೋಲು ಸಿಕ್ತು, ಹಿಡ್ಕೊಂಡ್ರಿ."

ಬಾಯಿ ಮುಚ್ಚಿಕೊಂಡಿರುವ ನನ್ನ ಪಾಲಿನ ಕೆಲಸ ಅಲ್ಲಿ ನನ್ನಿಂದಾಗಲಿಲ್ಲ. "ರೀ, ಸುಳ್ಳು ಹೇಳಿದ್ದು ಹಾಗಿರಲಿ, ಆ ಹುಡುಗಿ ಚೀಲ ಕಟ್ಟುವಾಗ ಸುಮ್ಮನೆ ನಿಂತು ನೋಡಿದಿರಲ್ಲ, ಅದನ್ನು ನಿಮಗೆ ಯಾವ ಶಾಲೆಯಲ್ಲಿ ಕಲಿಸಿದರು?" ಎಂದು ಕೂಗಿದೆ. ಯಾರೂ ನನ್ನನ್ನು ತಡೆಯಲಿಲ್ಲ.

ಅಕ್ಕ ಎದ್ದು ಹೋಗಿ ತಂಗಿಯ ಚೀಲ ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ತನ್ನ ಬೀರುವಿಗೇ ಜೋಡಿಸಿದಳು. ಅತ್ತೆ ತಲೆ ಎತ್ತದೆ, "ನಿಂತೇ ಇದೀಯಲ್ಲೇ, ಕೂತ್ಕೋ ತಾಯಿ" ಎಂದರು. ತಂಗಿ ಕೂರಲಿಲ್ಲ. ಅವಳು ಅಳುತ್ತಲೂ ಇರಲಿಲ್ಲ; ಅಕ್ಕ ಬಟ್ಟೆ ಜೋಡಿಸುವುದನ್ನೇ ನೋಡುತ್ತಿದ್ದಳು. ಗೆದ್ದವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಆಟ ಮುಗಿಸಿ ಬಂದ ಮಗು ಬಾಗಿಲಲ್ಲೇ ಕೂಗಿತು: "ಅಪ್ಪಾ, ಅಮ್ಮನ ಕತೆ ರಿಪೇರಿ ಆಯ್ತಾ?"

ಗಂಡ ಹೆಂಡತಿಯ ಕಡೆ ನೋಡಿದ. ಅವಳು ಸ್ಲೇಟಿನ ಮೇಲೆ ಬರೆದು ಅವನ ಮುಖಕ್ಕೆ ಹಿಡಿದಳು: "ನೀವೇ ಹೇಳಿ."

ಅವನು ಮಗುವಿನ ಮುಂದೆ ಮಂಡಿಯೂರಿದ. ಮಗು ಕಾಯುತ್ತ ನಿಂತಿತು. ನಾವಿಬ್ಬರೂ ಮೆಟ್ಟಿಲು ಹತ್ತಿ ಹೊರಟುಬಂದೆವು.

ಓದುಗರೇ, ನಿಮ್ಮ ಮನೆಯಲ್ಲೂ ಯಾರದೋ ದನಿ, ಯಾರದೋ ನಗು ಒಂದೇ ಒಂದು ಡಿಸ್ಕಿನಲ್ಲಿ ಕುಳಿತಿರಬಹುದು. ಇದನ್ನು ಈಗಲೇ ಮಡಚಿಟ್ಟು ಏಳಿ. ಅದರ ಇನ್ನೊಂದು ಪ್ರತಿ ಮಾಡಿ, ಬೇರೆಯವರ ಮನೆಯಲ್ಲಿ ಇಟ್ಟು ಬನ್ನಿ.