ಕಿಟಕಿ ಮುಚ್ಚಿದರೂ ನೋಡುವವನು

ದೀಪಿಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎರಡೂ ಕೈಗಳನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

"ನಾನು ಮುಟ್ಟಲ್ಲ. ನೀವೇ ನೋಡಿ ಮೇಡಂ," ಎಂದಳು.

ಭಾಗ್ಯಲಕ್ಷ್ಮಿ ಫೋನು ಎತ್ತಿಕೊಂಡರು. ಪೊಲೀಸ್ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾದ ಮೇಲೆ ಅವರು ಮಂಡ್ಯದ ಸುಭಾಷ್ ನಗರದ ಮನೆಯಲ್ಲೇ ಪತ್ತೇದಾರಿಕೆ ನಡೆಸುತ್ತಿದ್ದರು. ಕೆಲಸದಲ್ಲಿ ಅವರ ಜೊತೆಗಾತಿ ಮಂಜುಶ್ರೀ ಹಿಂದಿನಿಂದ ಬಗ್ಗಿ ನೋಡಿದಳು. ಗುರುತಿಲ್ಲದ ನಂಬರಿನಿಂದ ಬಂದ ಚಿತ್ರದಲ್ಲಿ ದೀಪಿಕ ತನ್ನ ಕೋಣೆಯಲ್ಲಿ ತಲೆ ತಗ್ಗಿಸಿ ಓದುತ್ತಿದ್ದಳು. ಎದುರಿಗೇ ಯಾರೋ ಕೂತು ತೆಗೆದ ಹಾಗಿತ್ತು. ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರು, ಅದರ ಪಕ್ಕದಲ್ಲಿ ಕಾಗದದ ಚೂರಿನಂಥ ಬಿಳಿ ಗುರುತು. ಚಿತ್ರದ ತುಂಬ ನವಿರಾದ ಅಲೆಅಲೆ ಗೆರೆಗಳು. ಕೆಳಗೆ ಬರೆದಿತ್ತು: "ಹಸಿರು ಸ್ವೆಟರ್ ಚೆನ್ನಾಗಿದೆ. ಮಂಡ್ಯದ ಬಸ್ಸು ಹತ್ತಬೇಡ."

ಹುಡುಗಿಯ ತಂದೆ ಬೋರಯ್ಯ ಕುರ್ಚಿಯ ಅಂಚಿಗೆ ಸರಿದ. ಕೊಕ್ಕರೆ ಬೆಳ್ಳೂರಿನಿಂದ ಬೆಳಗಿನ ಬಸ್ಸಿಗೇ ಮಗಳನ್ನು ಕರೆತಂದಿದ್ದ.

"ಪಕ್ಕದ್ಮನೆ ಚಿಕ್ಕಣ್ಣಂದೇ ಕೆಲ್ಸ ಕಣವ್ವ. ಅವ್ನ ಜಗ್ಲಿಗೆ ಎದುರಾಗೇ ನಮ್ಮ ಕಿಟಕಿ. ಗೆರೆ ಗೆರೆ ಬಂದದಲ್ಲ, ಅದು ಕಿಟಕಿ ಜಾಲರಿ. ಊರೋರು ಅವ್ನ ಬಾಗ್ಲು ಮುರ್ದವ್ರೆ. ಇವತ್ತು ಕೈಗೆ ಸಿಕ್ಕುದ್ರೆ ಜೀವ ಉಳ್ಸಾಕಿಲ್ಲ."

"ಅಪ್ಪ, ಕಿಟಕಿಗೆ ಹಲಗೆ ಹೊಡೆದ ಮೇಲೂ ಬಂತಲ್ಲಪ್ಪ!" ದೀಪಿಕಳ ದನಿ ಬಿರಿಯಿತು.

ಎರಡನೆಯ ಚಿತ್ರದಲ್ಲಿ ಹಲಗೆ ಹೊಡೆದ ಕಿಟಕಿಯ ಮಗ್ಗುಲಲ್ಲಿ ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. "ಕಿಟಕಿ ಮುಚ್ಚಿದರೆ ನನಗೆ ಕಾಣಲ್ವಾ?" ಎಂದಿತ್ತು.

"ಮಂಡ್ಯಕ್ಕೆ ಯಾಕೆ ಬರಬೇಕಿತ್ತು ನೀನು?" ಭಾಗ್ಯಲಕ್ಷ್ಮಿ ಕೇಳಿದರು.

ದೀಪಿಕ ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆಂದು ಭಾರತೀನಗರದ 'ಗುರಿ' ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದಳು. ಅದರ ಯಜಮಾನ ಪುಟ್ಟರಾಜು, ಕಂಪ್ಯೂಟರಿನ ಕಾಲ ಮುಗಿಯಿತೆಂದು ಸಾರಿ, ಕೇಂದ್ರದ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹಾಕಿ, ಪ್ರತಿಯೊಬ್ಬರಿಗೂ ಒಂದೊಂದು ಟ್ಯಾಬು ಕೊಟ್ಟಿದ್ದ.

"ಆದ್ರೆ ಪರೀಕ್ಷೆ ನಡೆಯೋದು ಕಂಪ್ಯೂಟರಲ್ಲೇ ಅಲ್ವಾ ಮೇಡಂ? ಹೋದ ಸಲ ನನಗೆ ಮೌಸ್ ಹಿಡಿಯೋಕೇ ಕೈ ಬರ್ಲಿಲ್ಲ. ಗಾಬರಿಲಿ ಪರದೆ ಮೇಲೆ ಬೆರಳಿಟ್ಟು ಒತ್ತಿದೆ. ಅರ್ಧ ಪ್ರಶ್ನೆ ಹಂಗೇ ಉಳೀತು. ಅದಕ್ಕೇ ಮಂಡ್ಯದಲ್ಲಿ ಕಂಪ್ಯೂಟರ್ ಇರೋ ಕಡೆ ಸೇರ್ತೀನಿ ಅಂತ ಕ್ಲಾಸಲ್ಲೇ ಹೇಳ್ದೆ. ಗೆಳತೀರೂ ಬರ್ತೀವಿ ಅಂದ್ರು."

"ಇನ್ನೆಲ್ಲಿ ಸೇರೋದು?" ಬೋರಯ್ಯ ನಿಟ್ಟುಸಿರುಬಿಟ್ಟ. "ಮಳವಳ್ಳಿ ಕಡೆ ಒಂದು ಸಂಬಂಧ ಬಂದದೆ. ಮದ್ವೆ ಮಾಡಿ ಕಳಿಸ್ಬುಡ್ತೀನಿ."

ದೀಪಿಕ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು.

ಭಾಗ್ಯಲಕ್ಷ್ಮಿ ಆ ಚಿತ್ರಗಳನ್ನು ತಮ್ಮ ಹಳೆಯ ಕಂಪ್ಯೂಟರಿನ ಅಗಲವಾದ ಪರದೆಗೆ ಹಾಕಿಕೊಂಡು ದೊಡ್ಡದು ಮಾಡಿದರು. ಕ್ಯಾಲೆಂಡರಿನ ಪಕ್ಕದ ಬಿಳಿ ಚೂರನ್ನು ಬಹಳ ಹೊತ್ತು ನೋಡಿದರು. ಚೂಪು ತಲೆ, ಕೆಳಗೊಂದು ಮೋಟು ಬಾಲ. ಎರಡನೆಯ ಚಿತ್ರದಲ್ಲಿ ಅದು ಗೋಡೆಯ ಮೇಲಿರದೆ ದೀಪಿಕಳ ಭುಜದ ಮೇಲಿತ್ತು. "ನಿಮ್ಮ ಮನೆ ನೋಡಬೇಕು, ನಡೀರಿ," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮದ್ದೂರಿನಲ್ಲಿ ದೀಪಿಕಳ ಸೋದರಮಾವನ ಮಗ ಸ್ವಾಮಿ ಕಾರು ತಂದು ಕಾದಿದ್ದ. ಅಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಟ್ಯಾಬಿನ ಒಡೆದ ಗಾಜನ್ನು ತಿಂಗಳ ಕೆಳಗೆ ಹಾಕಿಕೊಟ್ಟವನೂ ಅವನೇ. ದೀಪಿಕಳನ್ನು ಮದುವೆಗೆ ಕೇಳಿ 'ಇಲ್ಲ' ಎನ್ನಿಸಿಕೊಂಡಿದ್ದನೆಂದು ಬೋರಯ್ಯ ಬಾಯಿತಪ್ಪಿ ಹೇಳಿದ. ದಾರಿಯುದ್ದಕ್ಕೂ ಮಂಜುಶ್ರೀ ಕನ್ನಡಿಯಲ್ಲಿ ಸ್ವಾಮಿಯ ಕಣ್ಣುಗಳನ್ನೇ ನೋಡುತ್ತಿದ್ದಳು. ಅವನೂ ಅವಳನ್ನು ನೋಡುತ್ತಿದ್ದನೆ? ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ಅವಳು ಊರು ಬರುವವರೆಗೆ ತೆಗೆಯಲಿಲ್ಲ.

ಬೆಳ್ಳೂರಿನ ಹುಣಿಸೆಮರಗಳ ತುಂಬ ಕೊಕ್ಕರೆಗಳ ಗದ್ದಲ. ಚಿಕ್ಕಣ್ಣನ ಮನೆಯ ಮುರಿದ ಬಾಗಿಲಿಗೆ ಒಳಗಿನಿಂದ ಮಂಚ ಒತ್ತರಿಸಿ ಇಟ್ಟಿತ್ತು. ಎದುರು ಅರಳಿಕಟ್ಟೆಯಲ್ಲಿ ನಾಲ್ಕಾರು ಗಂಡಸರು ದೊಣ್ಣೆ ಊರಿಕೊಂಡು ಕೂತಿದ್ದರು.

ದೀಪಿಕಳ ಕೋಣೆ ಚಿಕ್ಕದು. ಓದುವ ಮೇಜು ಗೋಡೆಗೆ ತಾಗಿತ್ತು. ಕಿಟಕಿ ಅದರ ಬಲಗಡೆಯ ಗೋಡೆಯಲ್ಲಿ. ಮೇಜಿನ ಮೇಲೆ ಪುಸ್ತಕ, ನೀರಿನ ಚೊಂಬು, ಗೋಡೆಗೆ ಒರಗಿಸಿಟ್ಟ ಟ್ಯಾಬು. ದೀಪಿಕಳ ತಾಯಿ ಬೆಟ್ಟಮ್ಮ ಕಾಫಿ ತಂದಳು. ಸ್ವಾಮಿ ಎರಡೂ ಕೈಯಲ್ಲಿ ಬಿಸಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಂಜುಶ್ರೀ ಮಂಚದ ಮೇಲೆ ಕೂತಿದ್ದಳು.

ದೀಪಿಕಳ ಫೋನು ಗುಂಯ್ ಎಂದಿತು. ಅವಳು ನೋಡಿದಳು. ಫೋನನ್ನು ಮಂಜುಶ್ರೀಯತ್ತ ತಿರುಗಿಸಿದಳು.

"ಸಾಸಿವೆ ಬಣ್ಣದ ದುಪಟ್ಟಾ ಹಾಕಿದವಳು ಯಾರು? ಅವಳಿಗೂ ಹೇಳು, ನೋಡ್ತಾ ಇದ್ದೀನಿ."

ಸಾಸಿವೆ ಬಣ್ಣದ ದುಪಟ್ಟಾ ಮಂಜುಶ್ರೀಯದು. ಅವಳಿಗೆ ಗೋಡೆ, ಸೂರು, ಮಂಚದ ಕೆಳಗಿನ ಕತ್ತಲೆ, ಎಲ್ಲದಕ್ಕೂ ಕಣ್ಣು ಬಂದಂತೆ ಕಂಡಿತು.

"ಕಿಟಕಿ ಆಚೆ ಯಾರೋ ಇದಾನೆ! ಓಡಿ!" ಭಾಗ್ಯಲಕ್ಷ್ಮಿ ಕೂಗಿದರು. ಎಲ್ಲರೂ ದಬದಬನೆ ಹೊರಕ್ಕೆ ಓಡಿದರು.

ಹೊರಗೆ ಯಾರೂ ಇರಲಿಲ್ಲ. ಭಾಗ್ಯಲಕ್ಷ್ಮಿ ಅವರನ್ನು ಹುಣಿಸೆಮರದ ಬುಡಕ್ಕೆ ಕರೆದೊಯ್ದು ದನಿ ತಗ್ಗಿಸಿದರು. "ಯಾರೂ ಇಲ್ಲ ಅಂತ ನನಗೆ ಗೊತ್ತು. ಅವನಿಗೆ ಕೇಳಲಿ ಅಂತ ಕೂಗಿದೆ. ನೋಡ್ತಿರೋದು ಆ ಟ್ಯಾಬು. ಅದಕ್ಕೆ ಕಣ್ಣೂ ಇದೆ, ಕಿವಿಯೂ ಇದೆ. ಈಗಲೇ ತೆಗೆದರೆ ಅವನು ಎಚ್ಚೆತ್ತುಕೊಳ್ತಾನೆ. ಅಲ್ಲೇ ಇರಲಿ. ದೀಪಿಕ, ನೀನು ಇವತ್ತು ಆ ಕೋಣೆಗೆ ಹೋಗಬೇಡ. ಬೋರಯ್ಯ, ಚಿಕ್ಕಣ್ಣನ ಮೈಮೇಲೆ ಕೈ ಬೀಳದ ಹಾಗೆ ನೋಡ್ಕೊಳ್ಳೋದು ನಿಮ್ಮ ಹೊಣೆ."

"ಆ ಟ್ಯಾಬು ಯಾರ್ಯಾರ ಕೈಗೆ ಹೋಗಿತ್ತು?" ಎಂದು ಮಂಜುಶ್ರೀ ಕೇಳಿದಳು.

"ಕೊಟ್ಟಿದ್ದು ಪುಟ್ಟರಾಜು ಸಾರು. ಅದರೊಳಗೆ ಪಾಠ ಎಲ್ಲ ತುಂಬಿಸಿದ್ದು ಪ್ರೀತಂ ಸಾರು. ಗಾಜು ಹಾಕಿದ್ದು..." ದೀಪಿಕ ಸ್ವಾಮಿಯ ಕಡೆ ನೋಡಿದಳು. ಸ್ವಾಮಿಯ ಮುಖ ಬಿಳಿಚಿಕೊಂಡಿತು.

ಭಾರತೀನಗರದ ರಸ್ತೆಯಲ್ಲಿ ಕಬ್ಬಿನ ಲಾರಿಗಳು ಸಾಲುಗಟ್ಟಿದ್ದವು. 'ಗುರಿ' ಕೇಂದ್ರದಲ್ಲಿ ಆಗಷ್ಟೇ ತರಗತಿ ಮುಗಿದಿತ್ತು. ಬೆಳಗಿನಿಂದ ಪ್ರೀತಂ ಸಾರು ಎಡೆಬಿಡದೆ ಪಾಠ ಮಾಡಿ ತಲೆ ತಿಂದರೆಂದು ಹುಡುಗಿಯರು ಗೊಣಗುತ್ತಾ ಮೆಟ್ಟಿಲಿಳಿಯುತ್ತಿದ್ದರು.

ಪುಟ್ಟರಾಜು ಎದ್ದು ನಿಂತು ಕೈಮುಗಿದ. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ನಯ. ಪ್ರೀತಂ ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಮಂಡ್ಯದ ತನ್ನ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆಯೆಂದು ಕೇಳುವ ಮೊದಲೇ ಒಪ್ಪಿಕೊಂಡ.

"ಇಲ್ಲಿ ಕಂಪ್ಯೂಟರ್ ಇಲ್ವಾ?" ಭಾಗ್ಯಲಕ್ಷ್ಮಿ ಕೇಳಿದರು.

"ಒಂದೂ ಇಲ್ಲ ತಾಯಿ. ಲೆಕ್ಕ, ಪಾಠ, ಎಲ್ಲ ಈ ಅಂಗೈಯಗಲದಲ್ಲೇ," ಎಂದು ಪುಟ್ಟರಾಜು ಫೋನು ಎತ್ತಿ ತೋರಿಸಿದ.

"ಹಿಂದಿನ ಬಾಗಿಲು?"

"ಸ್ಟೋರು. ಹಳೇ ಬೆಂಚು ತುಂಬಿದೀನಿ. ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಹುಡುಗರು ಹೋಗಿ ಗಲಾಟೆ ಮಾಡ್ತಾವೆ ಅಂತ."

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಎಲ್ಲಿಂದಲೋ 'ಕೀಂ... ಕೀಂ...' ಎಂಬ ಸದ್ದು. ಹಿಂದಕ್ಕೆ ಬರುವ ಲಾರಿ ಕೂಗುತ್ತದಲ್ಲ, ಹಾಗೆ. ಕಬ್ಬಿನ ಲಾರಿಯೇ ಇರಬೇಕೆಂದುಕೊಂಡಳು ಮಂಜುಶ್ರೀ. ಪುಟ್ಟರಾಜು ಇದ್ದಕ್ಕಿದ್ದಂತೆ ದನಿಯೇರಿಸಿ ದೀಪಿಕಳ ಬುದ್ಧಿವಂತಿಕೆಯನ್ನು ಹೊಗಳತೊಡಗಿದ. ಕರೆಂಟು ಬಂತು, ಫ್ಯಾನು ತಿರುಗಿತು, ಸದ್ದೂ ನಿಂತಿತು. ಭಾಗ್ಯಲಕ್ಷ್ಮಿ ನಕ್ಕು ವಂದಿಸಿ ಎದ್ದರು.

ಮರುದಿನ ಮಧ್ಯಾಹ್ನ 'ಗುರಿ' ಕೇಂದ್ರದ ಅದೇ ಕೋಣೆಯಲ್ಲಿ ಎಲ್ಲರೂ ಸೇರಿದರು. ಸಬ್ ಇನ್‌ಸ್ಪೆಕ್ಟರ್ ಮರಿಸಿದ್ದಯ್ಯ ಮುನ್ಸೂಚನೆ ಕೊಡದೆ ಇಬ್ಬರು ಪೇದೆಗಳೊಡನೆ ಬಂದಿದ್ದರು. ಬೋರಯ್ಯ, ದೀಪಿಕ, ಸ್ವಾಮಿ, ಪ್ರೀತಂ ಬಂದಿದ್ದರು. ಗೋಡೆಗೆ ಅಂಟಿಕೊಂಡು ಚಿಕ್ಕಣ್ಣ ನಿಂತಿದ್ದ. ಯಾರಾದರೂ ಕೈ ಎತ್ತಿದರೆ ಸಾಕು, ಅವನು ಮುಖ ಮುಚ್ಚಿಕೊಳ್ಳುತ್ತಿದ್ದ.

"ಮೊದಲು ಚಿಕ್ಕಣ್ಣ," ಎಂದರು ಭಾಗ್ಯಲಕ್ಷ್ಮಿ. "ಕಿಟಕಿಯಿಂದ ತೆಗೆದಿದ್ದರೆ ದೀಪಿಕಳ ಕೆನ್ನೆ ಒಂದು ಪಕ್ಕದಿಂದ ಕಾಣಬೇಕಿತ್ತು. ಚಿತ್ರದಲ್ಲಿರೋದು ಎದುರಿನಿಂದ. ಎದುರಿಗಿರೋದು ಗೋಡೆ, ಗೋಡೆಗೆ ಒರಗಿಸಿದ ಟ್ಯಾಬು. ಆ ಗೆರೆಗಳು ಜಾಲರಿಯಲ್ಲ. ಉರಿಯೋ ಪರದೆಯನ್ನ ಇನ್ನೊಂದು ಫೋನಿಂದ ಫೋಟೋ ತೆಗೆದರೆ ಹೀಗೆ ಅಲೆ ಬರ್ತವೆ. ಚಿಕ್ಕಣ್ಣ ಏನೂ ಮಾಡಿಲ್ಲ."

ಚಿಕ್ಕಣ್ಣ ಗೋಡೆಗೊರಗಿ ಹಾಗೇ ಕುಸಿದು ಕುಳಿತ.

"ಪರದೆ ಯಾವುದು? ಇಲ್ಲಿ ನೋಡಿ, ಬಿಳಿ ಚೂರು. ಚೂಪು ತಲೆ, ಮೋಟು ಬಾಲ. ಒಂದು ಚಿತ್ರದಲ್ಲಿ ಗೋಡೆ ಮೇಲೆ, ಇನ್ನೊಂದರಲ್ಲಿ ಹುಡುಗಿಯ ಭುಜದ ಮೇಲೆ. ಇದು ಮೌಸಿನ ಬಾಣ. ಫೋನಲ್ಲಿ, ಟ್ಯಾಬಲ್ಲಿ ಬೆರಳೇ ಸಾಕು, ಬಾಣ ಇರಲ್ಲ. ಅಂದ್ರೆ ಇವಳನ್ನ ನೋಡ್ತಿದ್ದವನು ಕಂಪ್ಯೂಟರ್ ಮುಂದೆ ಕೂತಿದ್ದ."

ಪ್ರೀತಂ ಬಿಕ್ಕಿದ. "ಮೇಡಂ, ನನ್ನ ಹತ್ರ ಲ್ಯಾಪ್‌ಟಾಪ್ ಇದೆ ನಿಜ, ಆದ್ರೆ ದೇವರಾಣೆ..."

"ಹೆದರಬೇಡಪ್ಪ. ಮಂಜುವಿನ ದುಪಟ್ಟಾ ಬಗ್ಗೆ ಮೆಸೇಜು ಬಂದಾಗ ನೀನು ಪಾಠ ಮಾಡ್ತಿದ್ದೆ. ಇಡೀ ತರಗತಿ ಅದಕ್ಕೆ ಸಾಕ್ಷಿ. ಸ್ವಾಮಿ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ನಮ್ಮ ಕಣ್ಣೆದುರೇ ನಿಂತಿದ್ದ. ಟ್ಯಾಬು ಮುಟ್ಟಿದವರಲ್ಲಿ ಉಳಿದವರು ಒಬ್ಬರು."

ಪುಟ್ಟರಾಜು ನಗಲು ನೋಡಿದ. "ಕಂಪ್ಯೂಟರ್ ಇಲ್ಲದೋನ ಮೇಲೆ ಇದೆಂಥ ಅಪವಾದ ತಾಯಿ?"

"ಮರಿಸಿದ್ದಯ್ಯನೋರೇ, ಮೇನ್ ಸ್ವಿಚ್ ತೆಗೆಸಿ."

ಪೇದೆ ಸ್ವಿಚ್ ಕೆಳಗೆಳೆದ. ಫ್ಯಾನು ನಿಂತಿತು. ಬೀಗ ಹಾಕಿದ ಬಾಗಿಲ ಹಿಂದೆ ಶುರುವಾಯಿತು: 'ಕೀಂ... ಕೀಂ... ಕೀಂ...'

"ಯುಪಿಎಸ್," ಎಂದರು ಭಾಗ್ಯಲಕ್ಷ್ಮಿ. "ಕರೆಂಟು ಹೋದಾಗ ಕಂಪ್ಯೂಟರನ್ನ ಉಳಿಸೋ ಪೆಟ್ಟಿಗೆ. ನಿನ್ನೆ ಫ್ಯಾನು ನಿಂತಾಗ ಕೂಗಿತು, ಫ್ಯಾನು ತಿರುಗಿದಾಗ ಸುಮ್ಮನಾಯಿತು. ಲಾರಿಗೂ ನಿಮ್ಮ ಕರೆಂಟಿಗೂ ಏನು ನಂಟು? ಹಳೇ ಬೆಂಚಿಗೆ ಯುಪಿಎಸ್ ಯಾಕೆ ಬೇಕು ಪುಟ್ಟರಾಜು?"

ಮರಿಸಿದ್ದಯ್ಯ ಕೈ ಚಾಚಿದರು. ಪುಟ್ಟರಾಜು ಬೀಗದ ಕೈ ಕೊಡಲಿಲ್ಲ. ಪೇದೆಗಳು ಒದ್ದು ಬಾಗಿಲು ತೆಗೆದರು.

ಒಳಗೆ ಕತ್ತಲಲ್ಲಿ ಒಂದು ದೊಡ್ಡ ಪರದೆ ಬೆಳಗುತ್ತಿತ್ತು. ಅದರ ತುಂಬ ಚಿಕ್ಕ ಚಿಕ್ಕ ಚೌಕಗಳು. ಒಂದೊಂದು ಚೌಕದಲ್ಲೂ ಒಂದೊಂದು ಮನೆ. ಒಂದರಲ್ಲಿ ಯಾರೋ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದರಲ್ಲಿ ಖಾಲಿ ಮಂಚ. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಕನ್ನಡಿಯೆದುರು ಹೆರಳು ಹಾಕಿಕೊಳ್ಳುತ್ತಾ ತನ್ನಷ್ಟಕ್ಕೆ ಹಾಡುತ್ತಿದ್ದಳು. ದನಿ ಸಣ್ಣಗೆ ಕೇಳಿಸುತ್ತಿತ್ತು.

"ನಾಗರತ್ನ!" ದೀಪಿಕ ಚೀರಿದಳು. "ಅವಳು ನನ್ನ ಕ್ಲಾಸಿನವಳು! ಲೇ, ಟ್ಯಾಬು ಮುಚ್ಚೇ!" ಎಂದು ಪರದೆಯನ್ನೇ ಕೈಯಿಂದ ಬಡಿದಳು. ಪರದೆಯ ಹುಡುಗಿ ಹಾಡುತ್ತಲೇ ಇದ್ದಳು. ದೀಪಿಕ ಅವಳಿಗೆ ಫೋನು ಹಚ್ಚಿದಳು.

ಪುಟ್ಟರಾಜು ತಲೆ ತಗ್ಗಿಸಿ ನಿಂತಿದ್ದ. "ಓದ್ತಾವೋ ಇಲ್ವೋ ನೋಡೋಣ ಅಂತ ಶುರು ಮಾಡಿದ್ದು," ಎಂದ. "ಆಮೇಲೆ ನೋಡದೆ ಇರೋಕಾಗ್ಲಿಲ್ಲ. ಈ ಹುಡುಗಿ ಎಲ್ರನ್ನೂ ಎಬ್ಬಿಸ್ಕೊಂಡು ಮಂಡ್ಯಕ್ಕೆ ಹೊರಟ್ಳು. ಟ್ಯಾಬು ಸಾಕಾಗಲ್ಲ ಅಂತ ಊರೆಲ್ಲ ಮಾತಾದ್ರೆ ನನ್ನ ಕೇಂದ್ರ ಮುಚ್ಚಿದಂಗೆ. ಹೆದರಿಸಿದ್ರೆ ಮನೇಲಿರ್ತಾಳೆ ಅನ್ಕೊಂಡೆ."

"ಟ್ಯಾಬು ಸಾಕಾಗಲ್ಲ ಅನ್ನೋದು ನಿಮಗೂ ಗೊತ್ತಿತ್ತಲ್ಲ ಸಾರ್," ಎಂದಳು ದೀಪಿಕ. "ಅದಕ್ಕೇ ತಾನೆ ನಿಮಗೊಂದು ಕಂಪ್ಯೂಟರ್ ಇಟ್ಕೊಂಡಿದ್ದು?"

ಪೇದೆಗಳು ಪುಟ್ಟರಾಜುವನ್ನು ಕರೆದೊಯ್ದರು. ಬೋರಯ್ಯ ಚಿಕ್ಕಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಬಾಗ್ಲು ನಾನೇ ಮಾಡುಸ್ಕೊಡ್ತೀನಿ ಕಣ್ಲಾ," ಎಂದ. ಚಿಕ್ಕಣ್ಣ ಅವನ ಮುಖ ನೋಡಲಿಲ್ಲ. "ಬಾಗ್ಲು ಮಾಡುಸ್ತೀಯ. ಆ ಊರಾಗೆ ನಾನು ಮಲಗಾದೆಂಗೆ?" ಎಂದಷ್ಟೇ ಅಂದ.

ಸಂಜೆಯಾಗುವುದರೊಳಗೆ ಸುದ್ದಿ ಹಬ್ಬಿತು. ಪೊಲೀಸ್ ಠಾಣೆಯ ಅಂಗಳಕ್ಕೆ ಜನ ಬರತೊಡಗಿದರು. ಟವಲಿನಲ್ಲಿ ಸುತ್ತಿ, ಸೆರಗಿನಲ್ಲಿ ಮುಚ್ಚಿ ತಂದ ಟ್ಯಾಬುಗಳನ್ನು ಬೆಂಚಿನ ಮೇಲೆ ಬೋರಲಾಗಿ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದರು. ನಾಳೆ ಬೆಳಗಿನ ಬಸ್ಸಿಗೆ ಜೊತೆಯಾಗಿ ಮಂಡ್ಯಕ್ಕೆ ಹೋಗೋಣವೆಂದು ದೀಪಿಕಳೂ ನಾಗರತ್ನಳೂ ಮೆಲ್ಲಗೆ ಮಾತಾಡಿಕೊಂಡರು. ಬೋರಯ್ಯ ಕೇಳಿಸಿಕೊಂಡ, ಬೇಡವೆನ್ನಲಿಲ್ಲ. ಮಳವಳ್ಳಿಯ ಮಾತನ್ನೂ ಎತ್ತಲಿಲ್ಲ.

ಕೊನೆಗೆ ಬಂದವಳು ಮುದುಕಿ ಪಟ್ಟಲಮ್ಮ. ಸೊಪ್ಪಿನ ಕುಕ್ಕೆಯ ತಳದಲ್ಲಿಟ್ಟು ತಂದಿದ್ದಳು.

"ಇದು ಈಗ್ಲೂ ನೋಡ್ತಾ ಅದಾ ತಾಯಿ?"

ಭಾಗ್ಯಲಕ್ಷ್ಮಿ ಅದನ್ನು ತೆಗೆದುಕೊಂಡು ಪರದೆ ಪೂರಾ ಕಪ್ಪಾಗುವವರೆಗೆ ಗುಂಡಿ ಒತ್ತಿ ಹಿಡಿದರು. "ಇಲ್ಲ ಕಣಮ್ಮ. ಈಗ ನೋಡ್ತಾ ಇಲ್ಲ."

ಮುದುಕಿ ಹೋಗಲಿಲ್ಲ. "ಅವ್ರವ್ವ ಸತ್ತಾಗ ನನ್ ಮೊಮ್ಮಗ್ಳು ಇದ್ರ ಮುಂದೇನೇ ಕುಂತು ಅಳ್ತಿದ್ಲು. ನಮ್ಮುಂದೆ ಅಳ್ದೆ, ಬಾಗ್ಲಾಕ್ಕೊಂಡು. ಅದ್ನೂ ನೋಡ್ಬುಟ್ನಾ ಅವ್ನು?"

ಭಾಗ್ಯಲಕ್ಷ್ಮಿ ಆ ಟ್ಯಾಬನ್ನು ಬೆಂಚಿನ ಮೇಲೆ ಉಳಿದವುಗಳ ಪಕ್ಕದಲ್ಲಿ ಬೋರಲು ಹಾಕಿದರು. ಮಂಜುಶ್ರೀ ಮುದುಕಿಯ ಕೈ ಹಿಡಿದು ಬಸ್ಸಿನವರೆಗೆ ನಡೆದುಹೋದಳು.