ಪಟ್ಟಿಯ ಕೊನೆಯ ಇಪ್ಪತ್ತು ಗುಂಡು

ವಿಮಾನ ಬಿದ್ದಾಗ ಬೆಳಗಿನ ಹನ್ನೊಂದು ಗಂಟೆ. ಅದನ್ನು ಹೊಡೆದುರುಳಿಸಿದವನು ಸತ್ತು ಆಗಲೇ ನಲವತ್ತೆರಡು ದಿನವಾಗಿತ್ತು.

ತಂಗಿ ಕೈಯಲ್ಲಿದ್ದ ಹಿಡಿಕೆ ಬಿಟ್ಟು ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು. ಪರದೆಯ ಮೇಲೆ ಅವಳ ಯುದ್ಧವಿಮಾನ ಗಿರಗಿರನೆ ತಿರುಗುತ್ತ ನೆಲ ಸೇರಿತು. ಕೆಳಗೆ ಕಂಪ್ಯೂಟರ್ ತನ್ನ ಪಾಡಿಗೆ ವರದಿ ಬರೆಯಿತು: 'ಬಾಲದ ತಂತಿ ತುಂಡು. ಇಂಧನ ಸೋರಿಕೆ. ಚಾಲಕನ ಎಡಗೈಗೆ ಗುಂಡು. ಹೊಡೆದವರು—ಗಿಡುಗ.'

ಗಿಡುಗ ಅಂದರೆ ಅವಳ ಅಣ್ಣ. ಆಟದೊಳಗೆ ಅವನು ಇಟ್ಟುಕೊಂಡಿದ್ದ ಹೆಸರು ಅದು. ಅವಳು ಕೂತಿದ್ದದ್ದು ವಿಮಾನಯುದ್ಧದ ಕಂಪ್ಯೂಟರ್ ಆಟವೊಂದನ್ನು ಕಟ್ಟುವ ಪುಟ್ಟ ಆಫೀಸಿನಲ್ಲಿ. ಯಾವ ಗುಂಡು ಎಷ್ಟು ದೂರದಿಂದ ಬಂದು ಎಲ್ಲಿ ತಾಕಿದರೆ ಏನು ಹಾಳಾಗಬೇಕು ಎಂಬ ಲೆಕ್ಕವೆಲ್ಲ ಅಣ್ಣನದು, ಆರು ವರ್ಷದ ದುಡಿಮೆ. ಕಾಯಿಲೆಯಲ್ಲಿ ಅವನು ಹೋದ ಮೇಲೆ ಆ ಕೆಲಸ ಇವಳ ಹೆಗಲಿಗೆ ಬಂತು. ಅವನು ಕರೆಯುತ್ತಿದ್ದ ಹಾಗೇ ಇಲ್ಲಿ ಎಲ್ಲರಿಗೂ ಅವಳು ತಂಗಿ.

ಇದು ಮೂರನೆಯ ದಿನ. ಅದೇ ಹೊತ್ತು, ಅದೇ ಹೆಸರು. ಗಾಜಿನ ಗೋಡೆಯ ಆಚೆ ಅಣ್ಣನ ಕುರ್ಚಿ ಬಟ್ಟೆ ಹೊದ್ದುಕೊಂಡು ಖಾಲಿ ಕೂತಿತ್ತು. ಅವಳ ಎಡಗೈ ಬೆರಳುಗಳು ತಣ್ಣಗಾಗಿದ್ದವು. ಕಂಪ್ಯೂಟರಿನ ಚಾಲಕನಿಗೆ ತಾಕಿದ ಗುಂಡಿಗೆ ತನ್ನ ಕೈ ಯಾಕೆ ಮರಗಟ್ಟಬೇಕು ಎಂದು ತನ್ನನ್ನೇ ಬೈದುಕೊಂಡಳು. ಆದರೂ ಕೈ ಬಿಸಿಯಾಗಲಿಲ್ಲ.

ಯಜಮಾನರು ಬಂದು ಹಿಂದೆ ನಿಂತರು. ಆಫೀಸು ಅವರದೇ.

"ಸಾಕಮ್ಮ, ಇನ್ನೆಷ್ಟು ದಿನ ಹೀಗೆ? ಅವನ ಲೆಕ್ಕ ಇರೋ ತನಕ ಈ ಕಾಟ ತಪ್ಪಲ್ಲ, ತೆಗೆದುಬಿಡೋಣ. ಸುಲಭದ್ದು ಹಾಕೋಣ—ವಿಮಾನಕ್ಕೆ ನೂರು ಅಂಕ, ಗುಂಡು ತಾಕಿದ ಹಾಗೆಲ್ಲ ಕಳೆಯೋದು. ನೀನು ಹೂಂ ಅಂದ್ರೆ ಇವತ್ತು ಸಂಜೆಗೇ ಮುಗಿಯುತ್ತೆ."

"ಸಂಜೆ ಹೇಳ್ತೀನಿ ಸರ್."

ಹೂಂ ಅಂದರೆ ಅಣ್ಣ ಮಾಡಿದ್ದೊಂದೂ ಈ ಭೂಮಿ ಮೇಲೆ ಉಳಿಯುವುದಿಲ್ಲ. ಅನ್ನದಿದ್ದರೆ ನಾಳೆ ಹನ್ನೊಂದಕ್ಕೆ ಮತ್ತೆ ಅವನು ಬರುತ್ತಾನೆ. ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಸೋದರಮಾವನಿಗೆ ಫೋನ್ ಮಾಡಿದಳು.

ಮಾವ ಮಧ್ಯಾಹ್ನ ಬಂದರು. ವಾಯುಪಡೆಯಲ್ಲಿ ವಿಮಾನದ ಬಂದೂಕಿಗೆ ಗುಂಡುಗಳನ್ನು ಸಾಲಾಗಿ ಪೋಣಿಸಿದ ಪಟ್ಟಿ ತುಂಬುತ್ತಿದ್ದವರು. ಆಮೇಲೆ ಉಗ್ರಾಣದ ಕಳ್ಳರನ್ನು ಹಿಡಿದು ಹೆಸರು ಮಾಡಿದರು. ಗುಂಡಿನ ಸದ್ದಿಗೆ ಕಿವಿ ಅರ್ಧ ಹೋಗಿದ್ದರಿಂದ ಅವರ ಗುಟ್ಟೂ ಮೂರು ಮನೆಗೆ ಕೇಳುತ್ತಿತ್ತು.

"ಅವನ ಹೆಸರಲ್ಲಿ ಯಾರು ಬೇಕಾದ್ರೂ ಒಳಗೆ ಹೋಗಬಹುದಾ?"

"ಹೋಗಬಹುದು ಮಾವ. ಅಣ್ಣನ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಆದ್ರೆ ಇದು ಅವನೇ. ನೋಡಿ."

ಅವಳು ರೆಕಾರ್ಡಿಂಗ್ ಹಾಕಿದಳು. ಗಿಡುಗನ ವಿಮಾನ ಮೋಡದಿಂದ ಇಳಿಯಿತು. ಮೊದಲಿಗೆ ಕಡಿಯದ ದಾರದ ಹಾಗೆ, ಉರಿಯುತ್ತ ಹಾರಿ ದಾರಿ ತೋರಿಸುವ ಬೆಳಕಿನ ಗುಂಡುಗಳು ಒಂದರ ಹಿಂದೊಂದು ಹೊರಟವು. ಆಮೇಲೆ ಕಣ್ಣಿಗೆ ಕಾಣದ ಮಾಮೂಲಿ ಗುಂಡುಗಳ ನಡುವೆ ಅಲ್ಲೊಂದು ಇಲ್ಲೊಂದು ಮಿನುಗು.

"ಎಣಿಸಿದೀನಿ. ಬೆಳಕಿನ ಗುಂಡೇ ಒಟ್ಟಿಗೆ ಇಪ್ಪತ್ತು. ಆಟದಲ್ಲಿ ಯಾವ ಗುಂಡಿನ ಹಿಂದೆ ಯಾವುದು ಅಂತ ಪಟ್ಟಿ ಅವರವರೇ ತುಂಬ್ಕೋತಾರೆ. ಹಾಗೆ ತುಂಬ್ತಿದ್ದವನು ಅಣ್ಣ ಒಬ್ಬನೇ."

"ಅವನಿಗೆ ಅದನ್ನ ಹೇಳಿಕೊಟ್ಟವನು ನಾನು," ಎಂದರು ಮಾವ. "ಇನ್ನೊಂದು ಸಲ ಹಾಕು."

ಎರಡನೆಯ ಸಲ ಅವರು ಕಣ್ಣು ಮಿಟುಕಿಸದೆ ನೋಡಿದರು.

"ಅವನು ತುಂಬಿದ ಪಟ್ಟಿ ಕಂಪ್ಯೂಟರಿನಲ್ಲಿ ಇನ್ನೂ ಇದೆಯಾ?"

"ಇಲ್ಲ. ಅಣ್ಣ ಹೋದ ವಾರವೇ ಡಿಸ್ಕ್ ಕೆಟ್ಟು ಎಲ್ಲರ ಪಟ್ಟಿಯೂ ಅಳಿಸಿಹೋಯ್ತು. ಅವನ ನೋಟ್‌ಬುಕ್ಕಲ್ಲಿ ಮಾತ್ರ ಇದೆ. ನೆನಪಿಗೆ ಇರಲಿ ಅಂತ ಯಜಮಾನರು ಇಟ್ಕೊಂಡಿದ್ದಾರೆ."

"ಹಾಗಾದ್ರೆ ಯಾರೋ ಹೊಸದಾಗಿ ತುಂಬಿದಾರೆ," ಎಂದ ಮಾವ ಆ ನೋಟ್‌ಬುಕ್ ತರಿಸಿಕೊಂಡರು. ಮೊದಲು ಕನ್ನಡಕದವನನ್ನು ಕರೆದರು. ಅಣ್ಣನ ಪಕ್ಕದಲ್ಲೇ ಆರು ವರ್ಷ ಕೂತು ಕೆಲಸ ಮಾಡಿದ ಗೆಳೆಯ ಅವನು.

"ಹನ್ನೊಂದು ಗಂಟೆಗೆ ಎಲ್ಲಿದ್ದೆಯಪ್ಪ?"

"ನನ್ನ ಸೀಟಲ್ಲೇ. ಒಬ್ಬನೇ."

"ಅವನ ಮೇಲೆ ಸಿಟ್ಟಿತ್ತಾ?"

"ಬೇಕಾದಷ್ಟು. ಬಾಲದ ಒಂದು ತಂತಿಗೋಸ್ಕರ ಎರಡು ತಿಂಗಳು ಜೀವ ತಿಂದಿದಾನೆ." ಅವನು ಕನ್ನಡಕ ತೆಗೆದು ಒರೆಸಿಕೊಂಡ. ಗಾಜು ಮಂಜಾಗಿತ್ತು.

ಮಾವ ನೋಟ್‌ಬುಕ್ ತೆರೆದು ಮುಂದಿಟ್ಟರು. "ಈ ಪಟ್ಟೀಲಿ ಮೊದಲು ಹಾರೋ ಗುಂಡು ಯಾವುದು?"

ಅವನು ಸರಿಯಾಗಿ ನೋಡಲೂ ಇಲ್ಲ, ಪುಟದ ಕಟ್ಟಕಡೆಯ ಸಾಲಿನ ಮೇಲೆ ಬೆರಳಿಟ್ಟ.

ಯಜಮಾನರು ಬಂದರು. ಹನ್ನೊಂದಕ್ಕೆ ನನ್ನ ಕೋಣೆಯಲ್ಲಿ ಫೋನಿನಲ್ಲಿದ್ದೆ ಎಂದರು. ಮಾವ ಅದೇ ಪುಟ ತೋರಿಸಿ ಅದೇ ಪ್ರಶ್ನೆ ಕೇಳಿದರು.

"ಇದೇ ಅಲ್ವಾ?" ಯಜಮಾನರ ಬೆರಳು ಮೊದಲ ಸಾಲಿನ ಮೇಲಿತ್ತು.

ಮಾವ ನೋಟ್‌ಬುಕ್ ಮುಚ್ಚಿದರು.

"ತಂಗೀ, ಕೇಳು. ಬಂದೂಕಿನಲ್ಲಿ ಗುಂಡು ಎಷ್ಟು ಉಳೀತು ಅಂತ ಹಾರಿಸೋನಿಗೆ ಗೊತ್ತಾಗಲ್ಲ. ಅದಕ್ಕೇ ನಾವು ಕೊನೆಯ ಇಪ್ಪತ್ತೂ ಬೆಳಕಿನ ಗುಂಡೇ ಹಾಕ್ತಿದ್ದೆವು. ಬಿಡದೆ ಬೆಳಕು ಕಂಡ್ರೆ ಗುಂಡು ಮುಗೀತು, ಮನೆಗೆ ಹೊರಡು ಅಂತ ಅರ್ಥ. ಈ ದೆವ್ವ ಬಂದ ಕೂಡಲೇ ಮನೆಗೆ ಹೊರಡು ಅಂತಿದೆ. ಯಾಕೆ?"

ಅವರು ಮುಚ್ಚಿದ ಪುಸ್ತಕದ ಮೇಲೆ ಬೆರಳು ತಟ್ಟಿದರು.

"ಪಟ್ಟಿ ತುಂಬೋನು ಕೊನೆಗೆ ಹಾರೋ ಗುಂಡನ್ನ ಬಂದೂಕಿನ ಗುಂಡಿನ ಪೆಟ್ಟಿಗೆಗೆ ಮೊದಲು ಇಳಿಸ್ತಾನೆ. ಕೈ ಇಳಿಸಿದ ಹಾಗೇ ಬರೀತಾನೆ—ಕೊನೆಯದು ಮೇಲೆ, ಮೊದಲನೆಯದು ಕೆಳಗೆ. ನಿನ್ನ ಅಣ್ಣ ನನ್ನಿಂದ ಕಲಿತವನು, ಹಾಗೇ ಬರೆದಿದಾನೆ."

"ಹೌದು," ಎಂದ ಕನ್ನಡಕದವನು ಬಾಗಿಲಲ್ಲೇ ನಿಂತು. "ಕಂಪ್ಯೂಟರಿಗೆ ಮೊದಲು ಹಾರೋದನ್ನೇ ಮೊದಲು ಕೊಡಬೇಕು. ಅದಕ್ಕೇ ನಾನು ಅವನ ಪಟ್ಟೀನ ಆರು ವರ್ಷ ಕೆಳಗಿಂದ ಮೇಲಕ್ಕೇ ಟೈಪ್ ಮಾಡ್ದೆ."

"ಹಾಗಾಗಿ ಇವನು ಕಣ್ಣು ಮುಚ್ಚಿ ಮಾಡಿದ್ರೂ ತಪ್ಪುತ್ತಿರಲಿಲ್ಲ. ಇದನ್ನ ಮೇಲಿಂದ ಕೆಳಕ್ಕೆ ಓದಿ ಹಾಗೇ ತುಂಬಿದವರು ಬೇರೆ. ನೋಟ್‌ಬುಕ್ ಇದ್ದದ್ದೂ ಅವರ ಹತ್ತಿರವೇ." ಮಾವ ತಿರುಗಿದರು. "ಯಾಕೆ ಸ್ವಾಮಿ?"

ಯಜಮಾನರ ಮುಖ ಬಿಳುಚಿಕೊಂಡಿತು.

"ಆ ಲೆಕ್ಕ ಬಹಳ ಕಠಿಣ," ಎಂದರು ಕಡೆಗೆ. "ಆಡೋರು ಒಂದೇ ದಿನಕ್ಕೆ ಕೈಬಿಡ್ತಾರೆ. ಆದ್ರೆ ಆಸ್ಪತ್ರೆಯಲ್ಲಿ ಅವನಿಗೆ ಮಾತು ಕೊಟ್ಟಿದ್ದೆ—ತಂಗಿ ಒಪ್ಪದೆ ತೆಗೆಯಲ್ಲ ಅಂತ. ಮಾತು ಮುರಿಯೋಕೆ ಮನಸ್ಸು ಬರಲಿಲ್ಲ. ನಿನ್ನ ಬಾಯಿಂದಲೇ ಬರಲಿ ಅಂತ..."

"ಅವನ ಹೆಸರಲ್ಲಿ ನನ್ನನ್ನ ಹೊಡೆದ್ರಿ." ತಂಗಿ ಕುರ್ಚಿಯಿಂದ ಎದ್ದಳು. "ಮೂರು ದಿನದಿಂದ ನಾನು ಯೋಚಿಸಿದ್ದು ಒಂದೇ. ಅಣ್ಣನಿಗೆ ನನ್ನ ಮೇಲೆ ಏನು ಕೋಪ ಅಂತ."

ಯಜಮಾನರು ತಲೆ ತಗ್ಗಿಸಿದರು.

"ಲೆಕ್ಕ ಕಠಿಣ ಅನ್ನೋದು ನನಗೂ ಗೊತ್ತು ಸರ್. ಎದುರಿಗೆ ಕೂರಿಸಿಕೊಂಡು ಒಂದು ಮಾತು ಕೇಳಿದ್ದಿದ್ರೆ ಹೂಂ ಅಂತಿದ್ದೆನೋ ಏನೋ." ಅವಳು ನೋಟ್‌ಬುಕ್ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಇನ್ನು ಅನ್ನಲ್ಲ."