ಎಡ ರೆಕ್ಕೆಯ ಎರಡು ಟಕ್

"ಎರಡು ಸಲ ಯಾಕೆ ಬಡಿದೆ?" ಹೊರಗಿನಿಂದ ಅಪ್ಪ ಕೂಗಿದ. "ಸರಿಯಾಗೇ ಕೂತಿತ್ತಲ್ಲ!"

ಬ್ರಯೋನಿ ಶೆಡ್ಡಿನಲ್ಲಿ ಅವರೇ ಕಟ್ಟುತ್ತಿದ್ದ ಪುಟ್ಟ ವಿಮಾನದ ಬಾಲದೊಳಗೆ ಮಲಗಿದ್ದಳು. ಕೈಯಲ್ಲಿ ಸೋಪಿನಷ್ಟು ದಪ್ಪದ ಉಕ್ಕಿನ ಗಟ್ಟಿ. "ನಾನು ಬಡಿದೇ ಇಲ್ಲ ಡ್ಯಾಡ್."

"ಮತ್ತೆ ಯಾರು, ನಿಮ್ಮಜ್ಜಿನಾ?"

ಅಪ್ಪ ಹೊರಗಿನಿಂದ ಗನ್ ಹಿಡಿದು ತಗಡು ಜೋಡಿಸುವ ಮೊಳೆ, ಅಂದರೆ ರಿವೆಟ್, ಹೊಡೆಯಬೇಕು. ಬ್ರಯೋನಿ ಒಳಗಿನಿಂದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ರಿವೆಟ್ಟಿನ ತುದಿ ಅಂಗಿಯ ಗುಂಡಿಯಂತೆ ಚಪ್ಪಟೆಯಾದರೆ ಕೆಲಸ ಮುಗಿಯಿತು. ನಡುವೆ ತಗಡು ಇರುವುದರಿಂದ ಮಾತೆಲ್ಲ ಬಡಿತದಲ್ಲೇ. ಒಂದು ಟಕ್ ಅಂದರೆ ಸರಿಯಾಗಿದೆ, ಮುಂದಕ್ಕೆ ಹೋಗು. ಎರಡು ಅಂದರೆ ಸಾಲದು, ಮತ್ತೆ ಹೊಡಿ.

ಟಕ್. ಟಕ್.

ಈ ಸಲ ಇಬ್ಬರಿಗೂ ಕೇಳಿಸಿತು. ಗೋಡೆಯ ಪಕ್ಕ ಸ್ಟ್ಯಾಂಡಿನ ಮೇಲೆ ನಿಂತಿದ್ದ ಎಡ ರೆಕ್ಕೆಯೊಳಗಿಂದ.

"ತಗಡು," ಅಂದ ಅಪ್ಪ. "ಬಿಸಿಲು ಇಳೀತಲ್ಲ, ತಣ್ಣಗಾಗುತ್ತೆ. ಶೆಡ್ಡೂ ತಗಡು, ಅದೂ ತಗಡು."

ಮೊದಲ ವಿಮಾನ ಕಟ್ಟುವವರಿಗೆ ಎಲ್ಲವೂ ಗೊತ್ತಿರುತ್ತದೆ. ಎರಡನೆಯದಕ್ಕೆ ಕೈ ಹಾಕುವವರಿಗೇ ಅನುಮಾನಗಳು. ಸ್ಕೂಲ್ ಬಸ್ ಓಡಿಸುವ ಅಪ್ಪನಿಗೆ ಇದು ಮೊದಲನೆಯದು.

ಅಷ್ಟಕ್ಕೂ ಎಡ ರೆಕ್ಕೆ ಅಪ್ಪನ ಕೆಲಸವಲ್ಲ. ಅವರ ಊರಾದ ಮೂಂಟಾದ ಆ ತುದಿಯಲ್ಲಿದ್ದ ಕ್ಲೆಮ್ ಟ್ರೆಲೋರ್ ವಿಮಾನದ ಬಿಡಿಭಾಗಗಳ ಕಿಟ್ ತರಿಸಿ, ಆ ರೆಕ್ಕೆಯನ್ನು ಬಹುತೇಕ ಮುಗಿಸಿ ತೀರಿಕೊಂಡಿದ್ದರು. ಉಳಿದ ಡಬ್ಬಿಗಳ ಸಮೇತ ಅವರ ಹೆಂಡತಿ ಎಲ್ಲವನ್ನೂ ಅಪ್ಪನಿಗೆ ಮಾರಿದ್ದರು. ರೆಕ್ಕೆಯ ಬುಡದಲ್ಲಿ ಒಂದು ತಗಡು ಮಾತ್ರ ಬಾಕಿ. ಶನಿವಾರ ಅದನ್ನೂ ಮುಚ್ಚಿಬಿಡುವುದು ಅಪ್ಪನ ಯೋಚನೆ. ಆಮೇಲೆ ಯಾರ ಕೈಯೂ ಒಳಗೆ ಹೋಗದು.

ಮರುದಿನ ಸಂಜೆಯೂ ಟಕ್, ಟಕ್. ಅದರ ಮರುದಿನವೂ. ಬಿಸಿಲು ಶೆಡ್ಡಿನ ಮೇಲಿಂದ ಇಳಿದೊಡನೆ ಎರಡೇ ಎರಡು.

"ಬಡಿಯೋರು," ಅಂದ ಸ್ಕೂಲಿನಲ್ಲಿ ಅವಳ ಗೆಳೆಯ ಜಾಗೊ, ಅವಳ ಮಾತು ಕೇಳಿ, ಊಟದ ಡಬ್ಬಿಯಿಂದ ಪಾಸ್ಟಿ ಎಂಬ ಮಾಂಸದ ಕಡುಬು ತೆಗೆಯುತ್ತ. "ನಮ್ಮ ಕಾಲ ಕೆಳಗೆಲ್ಲ ಹಳೇ ಗಣಿ ಇಲ್ವಾ? ಒಳಗೆ ಸತ್ತೋರು ಗೋಡೆ ಬಡೀತಿದ್ದರಂತೆ. ಕುಸಿಯುತ್ತೆ, ಓಡಿ ಅಂತ."

"ಸುಳ್ಳು."

"ಮುತ್ತಜ್ಜನ ಆಣೆ! ಗಣಿಯವರು ಪಾಸ್ಟಿ ತಿಂದು ಅದರ ಅಂಚನ್ನ ಅವರಿಗೆ ಬಿಡ್ತಿದ್ದರು. ಬಿಡದೇ ಇದ್ದೋರಿಗೆ ಅವರು ಬಡಿದು ಹೇಳ್ತಿರಲಿಲ್ಲ. ಢಮಾರ್!"

ಇಷ್ಟು ಹೇಳಿ ಜಾಗೊ ತನ್ನ ಪಾಸ್ಟಿಯನ್ನು ಅಂಚಿನ ಸಮೇತ ನುಂಗಿದ. ಬ್ರಯೋನಿ ತನ್ನದರ ಅಂಚನ್ನು ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು.

ಶುಕ್ರವಾರ ಸಂಜೆ ಶೆಡ್ಡಿನಿಂದ ಅಪ್ಪನ ಗರ್ಜನೆ ಕೇಳಿಸಿತು.

"ಯಾರೇ ಇದು, ರೆಕ್ಕೆಯೊಳಗೆ ತಿಂಡಿ ಇಟ್ಟಿದ್ದು? ಇಲಿ ಬಂದರೆ? ಇಲಿ ಉಚ್ಚೆ ತಗಡನ್ನೇ ತಿಂದುಹಾಕುತ್ತೆ, ಗೊತ್ತಾ ಮಹಾರಾಣಿ?"

"ಅದು ಬಡಿಯೋರಿಗೆ."

ಅಪ್ಪ ನಗಲು ಬಾಯಿ ತೆರೆದ. ಅಷ್ಟರಲ್ಲಿ ಬಿಸಿಲು ಕಿಟಕಿಯಿಂದ ಜಾರಿತು. ಶೆಡ್ಡು ಬೂದಿ ಬಣ್ಣಕ್ಕೆ ತಿರುಗಿತು. ಅವರಿಬ್ಬರ ಮುಂದೆಯೇ, ಒಂದು ಮಾರು ದೂರದಲ್ಲಿ—

ಟಕ್. ಟಕ್.

ಬ್ರಯೋನಿ ಅಪ್ಪನ ತೋಳು ಹಿಡಿದಳು. "ಡ್ಯಾಡ್, ಎರಡು ಅಂದರೆ ಸಾಲದು ಅಂತ ಅಲ್ವಾ?"

"ತಗಡಿಗೇನು ಎಣಿಸೋಕೆ ಬರುತ್ತಾ?" ಅಂದ ಅಪ್ಪ. ದನಿ ಮಾತ್ರ ಸಣ್ಣಗಿತ್ತು. ರೆಕ್ಕೆಯ ತೆರೆದ ಬುಡಕ್ಕೆ ಕಿವಿ ಕೊಟ್ಟು, "ನಿನ್ನ ಕೈ ತೆಳ್ಳಗಿದೆ. ಹಾಕಿ ನೋಡು," ಅಂದ.

ಕೈ ಹಾಕುವುದು ಬ್ರಯೋನಿಗೆ ಬೇಡವಾಗಿತ್ತು. ಒಳಗಿನಿಂದ ಯಾರಾದರೂ ಬೆರಳು ಹಿಡಿದುಕೊಂಡರೆ? ಆದರೆ ನಾಳೆ ಮುಚ್ಚಿಬಿಟ್ಟರೆ ಎಂದೆಂದಿಗೂ ಮುಚ್ಚಿದ ಹಾಗೇ. ವಿಮಾನ ಹಾರಿದಾಗ ಪಕ್ಕದ ಸೀಟಿನಲ್ಲಿ ಕೂರುವವಳು ಅವಳೇ.

ಕಣ್ಣು ಮುಚ್ಚಿ ಭುಜದವರೆಗೂ ತೋಳು ತೂರಿಸಿದಳು. ಒಳಗೆಲ್ಲ ತಣ್ಣಗಿತ್ತು. ಬೆರಳಿಗೆ ರಿವೆಟ್ಟಿನ ಚಪ್ಪಟೆ ತುದಿಗಳು ಸಿಕ್ಕವು: ಗುಂಡಿ, ಗುಂಡಿ, ಗುಂಡಿ. ಆಮೇಲೆ ಮೊನೆ. ಇನ್ನೊಂದು ಮೊನೆ. ಮತ್ತೊಂದು.

"ಡ್ಯಾಡ್, ಇಲ್ಲಿಂದಾಚೆಗೆ ಚಪ್ಪಟೆ ಆಗೇ ಇಲ್ಲ."

ಅಪ್ಪ ಟಾರ್ಚು, ಕನ್ನಡಿ ಹಿಡಿದು ಬಗ್ಗಿ ಬಗ್ಗಿ ನೋಡಿದ. ಒಂದಿಡೀ ಸಾಲು ಅರೆಬರೆ. ಸಡಿಲ ತಗಡು ತಣ್ಣಗಾದಾಗ ಒಳಕ್ಕೊಮ್ಮೆ ಹೊರಕ್ಕೊಮ್ಮೆ ಕುಣಿದು ಟಕ್, ಟಕ್ ಅನ್ನುತ್ತಿತ್ತು. ಅವನು ಕನ್ನಡಿ ಕೆಳಗಿಟ್ಟು, ಮೊದಲ ಸಲ ನೋಡುವವನಂತೆ ಮಗಳನ್ನು ನೋಡಿದ.

ಶನಿವಾರ ರೆಕ್ಕೆ ಮುಚ್ಚಲಿಲ್ಲ. ಬೆಳಗಿನಿಂದ ಆ ಸಾಲನ್ನೇ ಹೊಡೆದರು. ಮಧ್ಯಾಹ್ನ ಕಳೆದ ಮೇಲೆ ಮಿಸೆಸ್ ಟ್ರೆಲೋರ್ ಕೇಸರಿ ಬನ್ನಿನ ಡಬ್ಬಿ ಹಿಡಿದು ಬಂದರು. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ತೀರಿಕೊಂಡವರ ಕೆಲಸವನ್ನು ಹಳಿಯಬಾರದೆಂದು ಬಹಳ ಸುತ್ತುಬಳಸಿ ಹೇಳಿದ.

"ನನಗೆ ಗೊತ್ತಿರೋ ಸಾಲೇ ಅದು," ಅಂದರು ಆಕೆ. "ಒಳಗೆ ಗಟ್ಟಿ ಹಿಡಿದೋಳು ನಾನೇ. ಆ ವಾರ ಕ್ಲೆಮ್ ಕೈಯಲ್ಲಿ ಬಲ ಇರಲಿಲ್ಲ. ನಾನು ಎರಡು ಬಡೀತಿದ್ದೆ, ಅವರು ಮುಂದಿನದಕ್ಕೆ ಹೋಗಿಬಿಡ್ತಿದ್ದರು. ನಾಳೆ ಇನ್ನೊಂದು ಸಲ ಹೊಡೆದರಾಯ್ತು ಅಂತ ನಾನೂ ಸುಮ್ಮನಿದ್ದೆ. ಆ ನಾಳೆ ಬಂದಾಗ ಆಸ್ಪತ್ರೆಗೆ ಹೋದರು."

"ನಿಮ್ಮ ಶೆಡ್ಡಲ್ಲೂ ಬಡೀತಿತ್ತಾ?" ಅಂದಳು ಬ್ರಯೋನಿ.

"ದಿನಾ ಸಂಜೆ, ಪುಟ್ಟಿ. ನಾನು ಕುರ್ಚಿ ಹಾಕ್ಕೊಂಡು ಕೂತ್ಕೋತಿದ್ದೆ."

"ಮತ್ತೆ ಮಾರಿದ್ದು ಯಾಕೆ?"

"ಮತ್ತೆ ಹೊಡಿ ಅಂತಿತ್ತಲ್ಲ. ನನಗೆ ಗನ್ ಹಿಡಿಯೋಕೆ ಬರಲ್ಲ." ಆಕೆ ರೆಕ್ಕೆಯ ಮೇಲೆ ಅಂಗೈ ಇಟ್ಟರು. "ಈಗ ನಿಂತುಹೋಯ್ತಾ?"

"ನಿಂತ ಹಾಗೇ!" ಅಂದ ಅಪ್ಪ ಹೆಮ್ಮೆಯಿಂದ. "ಕೊನೇ ನಾಲ್ಕು ರಿವೆಟ್ ಅಷ್ಟೆ. ಬಾ ಮಗಳೇ, ಕತ್ತಲಾಗೋದ್ರೊಳಗೆ ಮುಗಿಸಿಬಿಡೋಣ."

ಬ್ರಯೋನಿಗೆ ಈ ವಾರವೆಲ್ಲ ಹೆದರಿಕೆ ಹುಟ್ಟಿಸಿದ ಸದ್ದಿಗೆ ಇನ್ನೊಬ್ಬರು ಕುರ್ಚಿ ಹಾಕಿಕೊಂಡು ಕಾದಿದ್ದರು. ಕಿಟಕಿಯ ಬಿಸಿಲು ಜಾರಲು ಇನ್ನು ಸ್ವಲ್ಪವೇ ಉಳಿದಿತ್ತು; ಆ ನಾಲ್ಕು ಬಾಕಿ ಇದ್ದರೆ ಇನ್ನೊಂದೇ ಸಂಜೆ ಅದು ಬಡಿದೀತು.

"ನನ್ನ ಕೈ ನೋಯ್ತಿದೆ ಡ್ಯಾಡ್," ಅಂದಳು ಬ್ರಯೋನಿ. ಕೈ ನೋಯುತ್ತಿರಲಿಲ್ಲ. "ಆ ನಾಲ್ಕು ನಾಳೆ ಹೊಡೆಯೋಣ."

ಅವಳು ಹೋಗಿ ಸ್ಟೂಲನ್ನು ಎಳೆದು ತಂದು ರೆಕ್ಕೆಯ ಪಕ್ಕದಲ್ಲಿಟ್ಟಳು. ಮಿಸೆಸ್ ಟ್ರೆಲೋರ್ ಕಿಟಕಿಯ ಬಿಸಿಲನ್ನು ನೋಡಿ ಅದರ ಮೇಲೆ ಕೂತರು.